ನಗೆಯ ಪರೀಕ್ಷಕರನ್ನು ಅರಸಿ

ಶೋಕವನ್ನು ಬರೆಯುವ ಲೇಖಕನು ತನ್ನ ಬರಹದ ಬಲವನ್ನು ಏಕಾಂತದಲ್ಲಿಯೂ ಒಂದಷ್ಟು ಅಳೆದುಕೊಳ್ಳಬಲ್ಲನು. ಬರೆಯುತ್ತಿರುವಾಗ ತನ್ನ ಕಣ್ಣೇ ತೇವಗೊಂಡರೆ ಓದುವವರ ಕಣ್ಣೂ ತೇವಗೊಂಡೀತೆಂಬ ಭರವಸೆಯನ್ನು ಅವನು ತಾಳಬಹುದು. ಹಾಸ್ಯವನ್ನು ಬರೆಯುವವನಿಗೆ ಆ ಅನುಕೂಲವಿಲ್ಲ. ತಾನು ಕಟ್ಟಿದ ಮಾತಿಗೆ ತಾನೇ ನಕ್ಕರೆ ಆ ನಗೆ ಪ್ರಮಾಣವಾಗದು; ಮಿತ್ರರು ನಕ್ಕರೆ ಅದರಲ್ಲಿ ಸ್ನೇಹದ ಪಾಲಿರುತ್ತದೆ, ಮನೆಯವರು ನಕ್ಕರೆ ಮಮತೆಯ ಪಾಲಿರುತ್ತದೆ. ಒಬ್ಬರಿಗೊಬ್ಬರು ಪರಿಚಯವಿಲ್ಲದ ಹತ್ತಾರು ಮಂದಿ ಒಂದೆಡೆ ಕುಳಿತು, ಬರೆದವನ ಮುಖದಾಕ್ಷಿಣ್ಯಕ್ಕೆ ಒಳಗಾಗದೆ, ಒಂದೇ ಕ್ಷಣದಲ್ಲಿ ಒಟ್ಟಿಗೆ ನಕ್ಕಾಗಲೇ ಕಾಗದದ ಮೇಲಿನ ಮಾತು ಹಾಸ್ಯವೆಂದು ಸಿದ್ಧವಾಗುವುದು. ಅಲ್ಲಿಯವರೆಗೆ ಅದು ಲೇಖಕನ ಒಂದು ಊಹೆ ಮಾತ್ರ. ಈ ವಿಚಾರ ನನ್ನ ಮನಸ್ಸಿನಲ್ಲಿ ಬಹುಕಾಲದಿಂದ ಇದ್ದಿತಾದರೂ ಅದನ್ನು ಕಣ್ಣಾರೆ ಕಾಣುವ ಸಂದರ್ಭ ಒದಗಿದುದು ಹಳೆಯ ಬೆಂಗಳೂರಿನ ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳಲ್ಲಿ ಕೈಗೊಂಡ ಒಂದು ಪುಟ್ಟ ಸಂಚಾರದಲ್ಲಿ.

ನನ್ನ ಹಳೆಯ ಶಿಷ್ಯನೊಬ್ಬನು ಟಿ.ವಿ.ಗೆಂದು ಒಂದು ಹಾಸ್ಯ ಧಾರಾವಾಹಿಯನ್ನು, ಈಗಿನವರು ‘ಸಿಟ್‌ಕಾಮ್’ ಎಂದು ಕರೆಯುವ ಬಗೆಯದನ್ನು, ಬರೆದಿದ್ದನು. ಅದರ ಮೊದಲ ಕಂತುಗಳನ್ನು ಕ್ಯಾಮೆರಾದ ಮುಂದಿಡುವುದಕ್ಕೆ ಮೊದಲು ಬಸವನಗುಡಿಯ ಒಂದು ಮನೆಯ ಮಹಡಿಯಲ್ಲಿ ಜನರೆದುರು ಓದಿಸುವೆನೆಂದೂ, ನಾನೂ ಬಂದು ಕುಳಿತುಕೊಳ್ಳಬೇಕೆಂದೂ ಅವನು ಬರೆದು ಕೇಳಿಕೊಂಡನು. ಶಿವಮೊಗ್ಗೆಯಿಂದ ರಾತ್ರಿಯ ರೈಲು ಹತ್ತಿ ಬೆಳಗಿನ ಹೊತ್ತಿಗೆ ನಾನು ಬೆಂಗಳೂರನ್ನು ಸೇರಿದೆನು. ಓದು ಇದ್ದುದು ಮರುದಿನದ ಸಂಜೆ. ನಡುವೆ ದೊರೆತ ಬಿಡುವಿನಲ್ಲಿ, ಕನ್ನಡದ ಆಧುನಿಕ ಪ್ರಹಸನ ಬೆಳೆದ ಬೀದಿಗಳನ್ನು ಒಮ್ಮೆ ಕಾಲ್ನಡಿಗೆಯಲ್ಲಿ ಕಾಣಬೇಕೆಂದು ಸಂಕಲ್ಪಿಸಿದೆನು.

ಕೃಷ್ಣರಾಜ ಮಾರುಕಟ್ಟೆಯ ಗದ್ದಲವನ್ನು ದಾಟಿ ಪುಟ್ಟಣ್ಣಚೆಟ್ಟಿ ಪುರಭವನದ ಕಂಬಗಳನ್ನು ಬಲಕ್ಕೂ ಎಡಕ್ಕೂ ನೋಡುತ್ತ ಜೆ.ಸಿ. ರಸ್ತೆಗೆ ಬಂದರೆ, ಒಂದು ಫರ್ಲಾಂಗಿನ ಆಸುಪಾಸಿನಲ್ಲಿಯೇ ನಮ್ಮ ರಂಗಭೂಮಿಯ ಎರಡು ಯುಗಗಳು ನೆರೆಹೊರೆಯವರಂತೆ ನಿಂತಿವೆ. ಒಂದು, ರವೀಂದ್ರನಾಥ ಠಾಕೂರರ ಜನ್ಮಶತಾಬ್ದಿಯ ನೆನಪಿಗೆ ಕಟ್ಟಿ 1963ರಲ್ಲಿ ತೆರೆದ ರವೀಂದ್ರ ಕಲಾಕ್ಷೇತ್ರ. ಇನ್ನೊಂದು, 1909ರಲ್ಲಿ ಹುಟ್ಟಿದ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ನಿನ, ಜನರ ಬಾಯಲ್ಲಿ ಎ.ಡಿ.ಎ. ಎಂದಾಗಿರುವ ಸಂಸ್ಥೆಯ, ರಂಗಮಂದಿರ. ಕಂಪನಿ ನಾಟಕಗಳು ಹಾಡಿನ ಮೇಲೆ ಹಾಡನ್ನಿಟ್ಟು ರಾತ್ರಿಯೆಲ್ಲ ಪುರಾಣವನ್ನು ಮೆರೆಸುತ್ತಿದ್ದ ಕಾಲದಲ್ಲಿ, ಕಚೇರಿಯ ಕೆಲಸ ಮುಗಿಸಿ ಬಂದ ವಕೀಲರೂ ಗುಮಾಸ್ತರೂ ಉಪಾಧ್ಯಾಯರೂ ಸೇರಿ ಸಂಭಾವನೆಯ ಆಸೆಯಿಲ್ಲದೆ ನಾಟಕವಾಡತೊಡಗಿದುದೊಂದು ದೊಡ್ಡ ಪಲ್ಲಟ. ಆ ಹವ್ಯಾಸಿಗಳಿಗೆ ಬೇಕಾಗಿದ್ದುದು ತಮ್ಮ ಮನೆಯ ಪಡಸಾಲೆಯಲ್ಲಿ ನಡೆಯಬಹುದಾದ, ತಮ್ಮದೇ ಮಾತಿನಲ್ಲಿ ಆಡಬಹುದಾದ ನಾಟಕ. ಅದನ್ನು ಕೊಟ್ಟವರು ತ್ಯಾಗರಾಜ ಪರಮಶಿವ ಕೈಲಾಸಂ.

1884ರಲ್ಲಿ ಹುಟ್ಟಿ 1946ರಲ್ಲಿ ತೀರಿಕೊಂಡ ಕೈಲಾಸಂ ನ್ಯಾಯಾಧೀಶರ ಮಗ; ಲಂಡನ್ನಿನಲ್ಲಿ ಭೂವಿಜ್ಞಾನವನ್ನು ಅಭ್ಯಸಿಸಿ, ಅಲ್ಲಿಯ ನಾಟಕಶಾಲೆಗಳ ರುಚಿಯನ್ನೂ ಹಚ್ಚಿಕೊಂಡು ಮರಳಿದವರು; ಮೈಸೂರು ಸರ್ಕಾರದ ಭೂವಿಜ್ಞಾನ ಇಲಾಖೆಯ ಉದ್ಯೋಗವನ್ನು ತೊರೆದು ನಾಟಕಕ್ಕೆ ತಮ್ಮನ್ನು ಒಪ್ಪಿಸಿಕೊಂಡವರು. ಅವರ ವಿಷಯವಾಗಿ ಈ ಪ್ರಸಂಗದಲ್ಲಿ ಮುಖ್ಯವಾಗಿ ನೆನೆಯಬೇಕಾದುದು ಅವರ ರಚನಾಕ್ರಮ. ಅವರು ಮೇಜಿನ ಮುಂದೆ ಕುಳಿತು ನಾಟಕವನ್ನು ಬರೆದವರಲ್ಲ. ನಾಟಕವಿಡೀ ಅವರ ನೆನಪಿನಲ್ಲಿರುತ್ತಿತ್ತು. ಸುತ್ತ ಸೇರಿದವರ ಮುಂದೆ ಎಲ್ಲ ಪಾತ್ರಗಳನ್ನೂ ತಾವೇ ತಾಳಿ, ಗಂಡಸಿನ ಗಡಸನ್ನೂ ಹೆಂಗಸಿನ ನಯವನ್ನೂ ಆಳಿನ ಆಡುನುಡಿಯನ್ನೂ ಒಂದೇ ಕಂಠದಲ್ಲಿ ಹೊರಡಿಸಿ, ಅವರು ಅದನ್ನು ಆಡಿ ತೋರಿಸುತ್ತಿದ್ದರು. ಬಳಿಕ ಎಂದೋ ಒಮ್ಮೆ ಅವರು ಹೇಳುತ್ತ ಹೋದಂತೆ ಭಕ್ತಿಯುಳ್ಳ ಮಿತ್ರರು ಬರೆದುಕೊಳ್ಳುತ್ತಿದ್ದರು. ಹೀಗೆ ಬರೆದು ಉಳಿಸಿದವರಲ್ಲಿ ಬಿ.ಎಸ್. ರಾಮರಾಯರ ಹೆಸರನ್ನು ಕನ್ನಡಿಗರು ಕೃತಜ್ಞತೆಯಿಂದ ನೆನೆಯಬೇಕು. ಬರಹಕ್ಕೆ ಇಳಿಯದೆ ಅವರೊಡನೆಯೇ ಮರೆಯಾದ ನಾಟಕಗಳೂ ಉಂಟು.

ಈ ಅಭ್ಯಾಸವನ್ನು ಹಲವರು ಕೈಲಾಸಂ ಅವರ ಉದಾಸೀನಕ್ಕೆ ಆರೋಪಿಸುವರು. ನನಗಾದರೋ ಅದರಲ್ಲಿ ಒಂದು ಕಲಾತತ್ತ್ವವೇ ಕಾಣುತ್ತದೆ. ‘ಟೊಳ್ಳು ಗಟ್ಟಿ’, ‘ಪೋಲಿ ಕಿಟ್ಟಿ’, ‘ಹೋಂ ರೂಲು’, ‘ಅಮ್ಮಾವ್ರ ಗಂಡ’, ‘ಬಂಡ್ವಾಳಿಲ್ಲದ ಬಡಾಯಿ’, ಇವು ಅಚ್ಚಿನ ಮನೆಯನ್ನು ಸೇರುವುದಕ್ಕೆ ಮೊದಲು ಕೇಳುವ ಕಿವಿಗಳ ನಡುವೆ ಬಾಳಿದ ಕೃತಿಗಳು. ಇಂಗ್ಲಿಷೂ ಕನ್ನಡವೂ ಹೆಣೆದುಕೊಂಡ, ಹಳೆಯ ಮೈಸೂರಿನ ವಿದ್ಯಾವಂತ ಮನೆಗಳ ಆ ಮಾತನ್ನು ಬರಹದ ಕಣ್ಣಿಗಿಂತ ಮೊದಲು ಕಿವಿಯೇ ಒಪ್ಪಬೇಕಾಗಿತ್ತು. ಎಲ್ಲಿ ನಗೆ ಎದ್ದಿತು, ಎಲ್ಲಿ ಏಳಬೇಕಾದದ್ದು ಏಳಲಿಲ್ಲ, ಎಲ್ಲಿ ನಗೆಯ ಅಲೆ ಇಳಿಯುವವರೆಗೆ ಮುಂದಿನ ಮಾತನ್ನು ತಡೆದು ನಿಲ್ಲಿಸಬೇಕು ಎಂಬುದೆಲ್ಲ ಎದುರಿಗೆ ಕುಳಿತವರ ಮುಖದಲ್ಲಿಯೇ ಕಾಣಸಿಗುವ ಪಾಠ. ಪರೀಕ್ಷೆಗಳಲ್ಲಿ ಗೆಲ್ಲುವ ಪುಟ್ಟುವನ್ನೂ ಪರೀಕ್ಷೆಯಲ್ಲಿ ಸೋತು ಮನೆಗೆ ಒದಗುವ ಮಾಧುವನ್ನೂ ಕೇಳುಗರು ಅಂದು ತಮ್ಮ ಮಕ್ಕಳೆಂದೇ ಗುರುತಿಸಿದುದರಿಂದ ‘ಟೊಳ್ಳು ಗಟ್ಟಿ’ ನೂರು ವರ್ಷಗಳ ಬಳಿಕವೂ ಶಾಲೆಯ ವಾರ್ಷಿಕೋತ್ಸವಗಳಲ್ಲಿ ಉಸಿರಾಡುತ್ತಿದೆ. 1945ರಲ್ಲಿ ಮದರಾಸಿನಲ್ಲಿ ನಡೆದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನು ನಾಡು ಈ ‘ಬಾಯಿ ಬರಹಗಾರ’ನಿಗೆ ಕೊಟ್ಟಿತೆಂಬುದು, ಕೇಳಿ ಮೆಚ್ಚಿದವರ ತೀರ್ಪನ್ನು ಓದಿ ಬರೆದವರ ಪಂಡಿತಮಂಡಲಿಯೂ ಅಂಗೀಕರಿಸಿದುದರ ಕುರುಹು.

ಚಾಮರಾಜಪೇಟೆಯನ್ನು ಪ್ರವೇಶಿಸಿದಾಗ ಬಿಸಿಲು ಏರಿತ್ತು. 1892ರಲ್ಲಿ ಕೋಟೆಯ ಹೊರಗೆ ಅಡ್ಡರಸ್ತೆ, ಮುಖ್ಯರಸ್ತೆಗಳನ್ನು ಎಳೆದು ರೂಪಿಸಿದ ಈ ಬಡಾವಣೆಯೂ, 1898ರ ಪ್ಲೇಗಿನ ಮಾರಿಯ ತರುವಾಯ ಬೇಗಬೇಗನೆ ತುಂಬಿಕೊಂಡ ಬಸವನಗುಡಿ ಮಲ್ಲೇಶ್ವರಗಳೂ ಒಂದು ವಿಶೇಷವಾದ ಸಮಾಜವನ್ನು ಬೆಳೆಸಿದವು. ಸಂಜೆಯ ಹೊತ್ತಿಗೆ ಕೆಲಸದಿಂದ ಬಿಡುವಾಗುವ, ಕೈಕಾಲು ತೊಳೆದು ಕಾಫಿ ಕುಡಿದು, ಎಲ್ಲಾದರೂ ಹೋಗಿ ಕುಳಿತು ಏನನ್ನಾದರೂ ಕೇಳಬೇಕೆನ್ನುವ ಜನ ಇಲ್ಲಿ ನೆಲಸಿದರು. ಗಮಕವಾಗಲಿ ಹರಿಕಥೆಯಾಗಲಿ ಸಂಗೀತವಾಗಲಿ ಉಪನ್ಯಾಸವಾಗಲಿ, ಕೇಳುವುದನ್ನು ಅವರು ಒಂದು ನೇಮವೆಂಬಂತೆ ಅಭ್ಯಸಿಸಿದರು. ಕೋಟೆ ಪ್ರೌಢಶಾಲೆಯ ಬಯಲಿನಲ್ಲಿ, 1939ರಲ್ಲಿ ಆರಂಭವಾದ ಶ್ರೀರಾಮಸೇವಾ ಮಂಡಲಿಯ ಚಪ್ಪರದಡಿಯಲ್ಲಿ ರಾಮನವಮಿಯ ಕಚೇರಿಗಳನ್ನು ತಲೆಮಾರುಗಳಿಂದ ಕೇಳುತ್ತ ಬಂದವರ ಮೊಮ್ಮಕ್ಕಳು ಇಂದಿಗೂ ಅದೇ ಬೀದಿಗಳಲ್ಲಿದ್ದಾರೆ. ಹಾಸ್ಯಕ್ಕೆ ಪರೀಕ್ಷಕರು ಬೇಕೆಂದರೆ ಇಂಥ ನುರಿತ ಕಿವಿಯವರೇ ಬೇಕು.

1915ರಲ್ಲಿ ಸ್ಥಾಪಿತವಾದ ಸಾಹಿತ್ಯ ಪರಿಷತ್ತಿನ ಮಂದಿರದ ಮುಂದೆ ಕ್ಷಣಕಾಲ ನಿಂತು, ಅಲ್ಲಿಂದ ಸಮೀಪದಲ್ಲಿಯೇ ಇರುವ ಮಕ್ಕಳ ಕೂಟದ ಕಡೆಗೆ ನಡೆದೆನು. ಆರ್. ಕಲ್ಯಾಣಮ್ಮನವರು ಕಟ್ಟಿ ಬೆಳೆಸಿದ ಈ ಸಂಸ್ಥೆಯನ್ನು ಕಂಡಾಗ ಒಂದು ಮಾತು ಹೊಳೆಯಿತು. ಹಾಸ್ಯದ ಪರೀಕ್ಷಕರಲ್ಲಿ ಮಕ್ಕಳೇ ಅತ್ಯಂತ ನಿಷ್ಠುರರು. ದೊಡ್ಡವರಂತೆ ಮರ್ಯಾದೆಗಾಗಿ ನಗುವುದನ್ನು ಅವರು ಕಲಿತಿರುವುದಿಲ್ಲ. ಬೇಸರವಾದರೆ ಅವರು ಪಕ್ಕದವರೊಡನೆ ಮಾತಿಗೆ ತೊಡಗುವರು, ಇಲ್ಲವೆ ಎದ್ದು ಹೊರಟೇಹೋಗುವರು. ಮಕ್ಕಳ ಮುಂದೆ ನಿಂತು ನಗಿಸಿದ ನಟನು ಬೇರಾವ ಸಭೆಗೂ ಅಂಜಬೇಕಾದುದಿಲ್ಲ.

ಮರುದಿನ ಬಸವನಗುಡಿಗೆ ಹೊರಟಾಗ, ಹಿಂದಿನ ರಾತ್ರಿ ಮತ್ತೆ ತೆರೆದು ನೋಡಿದ್ದ ನಾಟ್ಯಶಾಸ್ತ್ರದ ಸಿದ್ಧಿಯ ಅಧ್ಯಾಯ ಮನಸ್ಸಿನಲ್ಲಿತ್ತು. ಆದ್ಯ ರಂಗಾಚಾರ್ಯರು ಕನ್ನಡಕ್ಕೆ ತಂದಿರುವ ಆ ಮಹಾಗ್ರಂಥದಲ್ಲಿ ಭರತಮುನಿಯು ನಾಟ್ಯಪ್ರಯೋಗದ ಯಶಸ್ಸನ್ನು ಅಳೆಯುವ ಬಗೆಯನ್ನು ಆಶ್ಚರ್ಯಕರವಾದ ವಿವರದೊಡನೆ ನಿರೂಪಿಸಿರುವನು. ಮಾನುಷೀ ಸಿದ್ಧಿಯೆಂಬುದು ಪ್ರೇಕ್ಷಕರ ಧ್ವನಿಯಲ್ಲಿಯೂ ಶರೀರದಲ್ಲಿಯೂ ಪ್ರಕಟವಾಗುವಂಥದು: ಸ್ಮಿತ, ಅರ್ಧಹಾಸ್ಯ, ಅತಿಹಾಸ್ಯಗಳೆಂದು ನಗೆಯ ಪ್ರಮಾಣವನ್ನೇ ಅವನು ಮೆಟ್ಟಿಲು ಮೆಟ್ಟಿಲಾಗಿ ಹೇಳುತ್ತಾನೆ, ಬಳಿಕ ಮೆಚ್ಚುಗೆಯ ಉದ್ಗಾರಗಳು, ರೋಮಾಂಚ, ಆಸನದಿಂದ ಏಳುವಿಕೆ. ಇದಕ್ಕೂ ಮೇಲಾದ ದೈವೀ ಸಿದ್ಧಿಯಲ್ಲಿ ಸಭೆ ತುಂಬಿರುವುದು, ಆದರೂ ಸದ್ದಿರದು, ಕ್ಷೋಭೆಯಿರದು. ಇವೆಲ್ಲವನ್ನೂ ಗಮನಿಸಿ ತೀರ್ಪನ್ನೀಯಲು ಪ್ರಾಶ್ನಿಕರೆಂಬ ಪರೀಕ್ಷಕರನ್ನೂ ಅವನು ನೇಮಿಸುವನು. ಪ್ರೇಕ್ಷಕನ ನಗೆಯನ್ನು ಎಣಿಸಿ ಗುರುತು ಹಾಕಿಕೊಳ್ಳುವ ವಿದ್ಯೆ ಪಶ್ಚಿಮದ ಟಿ.ವಿ. ಸಂಸ್ಥೆಗಳು ನಮಗೆ ಕಲಿಸಿದುದೆಂದು ತಿಳಿದವರು ಈ ಅಧ್ಯಾಯವನ್ನು ಓದಬೇಕು.

ಗಾಂಧಿ ಬಜಾರಿನ ಹೂವಿನ ಸಾಲನ್ನೂ, 1943ರಿಂದ ದೋಸೆಯ ಪರಿಮಳವನ್ನು ಬೀದಿಗೆ ಹರಡುತ್ತಿರುವ ವಿದ್ಯಾರ್ಥಿ ಭವನವನ್ನೂ, ಡಿ.ವಿ.ಜಿ.ಯವರು 1945ರಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನೂ ನೋಡಿಕೊಂಡು ಸಂಜೆಯ ಹೊತ್ತಿಗೆ ಆ ಮನೆಯನ್ನು ಸೇರಿದೆನು. ಮಹಡಿಯ ಹಾಲಿನಲ್ಲಿ ಜಮಖಾನ ಹಾಸಿ, ಗೋಡೆಯ ಉದ್ದಕ್ಕೆ ವಯಸ್ಸಾದವರಿಗೆಂದು ಕುರ್ಚಿಗಳನ್ನಿರಿಸಿದ್ದರು. ಬಂದವರಲ್ಲಿ ರಂಗಾಸಕ್ತರಿದ್ದರು, ಅಂಗಡಿಯವರಿದ್ದರು, ಕಾಲೇಜಿನ ಹುಡುಗ ಹುಡುಗಿಯರಿದ್ದರು, ವಠಾರದ ಅಜ್ಜಿಯರಿದ್ದರು. ನನ್ನ ಶಿಷ್ಯನಾದ ಆ ಹುಡುಗನು ತನ್ನ ಆಪ್ತಮಿತ್ರರನ್ನು ಬೇಕೆಂದೇ ಕರೆದಿರಲಿಲ್ಲ. ನಟನಟಿಯರು ವೇಷವಿಲ್ಲದೆ, ಕೈಯಲ್ಲಿ ಹಾಳೆಗಳನ್ನು ಹಿಡಿದು ಅರ್ಧವೃತ್ತವಾಗಿ ಕುಳಿತರು. ಮೂಲೆಯಲ್ಲಿ ಕುಳಿತ ಇಬ್ಬರ ಬಳಿಯೂ ಅದೇ ಸ್ಕ್ರಿಪ್ಟಿನ ಪ್ರತಿಗಳಿದ್ದವು. ನಗೆ ಬಂದ ಸಾಲಿನ ಪಕ್ಕಕ್ಕೆ ಒಂದು ಗೀಟು, ದೊಡ್ಡ ನಗೆಗೆ ಎರಡು, ಬರಬೇಕಾದೆಡೆ ಬಾರದಿದ್ದರೆ ಸೊನ್ನೆ ಎಂದು ಅವರಿಗೆ ಹೇಳಲಾಗಿತ್ತು. ಧ್ವನಿಮುದ್ರಣಕ್ಕೆಂದು ಇರಿಸಿದ್ದ ಮೊಬೈಲು ನಟರ ಕಡೆಗೆ ಮುಖಮಾಡದೆ ನಮ್ಮ ಕಡೆಗೆ ಮುಖಮಾಡಿದ್ದುದನ್ನು ಕಂಡಾಗ, ಆ ಸಂಜೆಯ ಅಭಿನಯ ನಮ್ಮದೆಂಬುದು ನನಗೆ ಸ್ಪಷ್ಟವಾಯಿತು.

ಕಥಾವಸ್ತು ಆ ಬೀದಿಯದೇ ಆಗಿತ್ತು. ಹಳೆಯ ಮನೆಯೊಂದನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟುವ ಬಿಲ್ಡರನೊಬ್ಬನು ಪ್ರತಿದಿನವೂ ಕಾಫಿಯ ಹೊತ್ತಿಗೆ ಬರುತ್ತಾನೆ. ನಿವೃತ್ತರಾದ ರಾಯರು ಒಪ್ಪಿದಂತೆಯೂ ಒಪ್ಪದಂತೆಯೂ ಮಾತನಾಡುತ್ತಾರೆ. ಇಬ್ಬರು ಗಂಡುಮಕ್ಕಳು ಬರಲಿರುವ ಫ್ಲಾಟುಗಳನ್ನು ಮನಸ್ಸಿನಲ್ಲಿಯೇ ಹಂಚಿಕೊಳ್ಳುತ್ತಾರೆ. ‘ಕಾರ್ಪೆಟ್ ಏರಿಯಾ’ ಎಂಬುದನ್ನು ರಾಯರು ಜಮಖಾನದ ಅಳತೆಯೆಂದು ತಿಳಿಯುವ ಸನ್ನಿವೇಶದ ಮೇಲೆ ಹುಡುಗನಿಗೆ ಬಹಳ ನೆಚ್ಚಿಕೆ ಇತ್ತು. ನಾಲ್ಕು ಪುಟಗಳನ್ನು ಅದಕ್ಕಾಗಿಯೇ ವ್ಯಯಿಸಿದ್ದನು. ನಟನು ಚೆನ್ನಾಗಿಯೇ ಓದಿದನು. ಸಭೆಯಲ್ಲಿ ಒಂದು ಕೆಮ್ಮು ಕೇಳಿಸಿತು, ಅಷ್ಟೆ. ನಲವತ್ತು ವರ್ಷ ಲೆಕ್ಕಪತ್ರದ ಕಚೇರಿಯಲ್ಲಿ ದುಡಿದ ರಾಯರು ಅಷ್ಟು ಮುಗ್ಧರಾಗಿರಲಾರರೆಂಬುದು ಬಸವನಗುಡಿಯ ಆ ಕೇಳುಗರಿಗೆ ಯಾರೂ ಹೇಳದೆಯೇ ತಿಳಿದಿತ್ತು.

ಅದೇ ದೃಶ್ಯದ ಕೊನೆಯಲ್ಲಿ, ಎಲ್ಲರ ಮಾತನ್ನೂ ಕೇಳಿಸಿಕೊಳ್ಳುತ್ತ ಹುರುಳಿಕಾಯಿ ಸೋಸುತ್ತಿದ್ದ ರಾಯರ ಹೆಂಡತಿ ತಲೆಯೆತ್ತಿ, ‘ತುಳಸಿಕಟ್ಟೆ ಎಷ್ಟನೇ ಮಹಡಿಗೆ ಬರುತ್ತೆ?’ ಎಂದು ಕೇಳುತ್ತಾಳೆ. ಬರೆದವನು ಅದನ್ನು ನಗೆಗೆಂದು ಬರೆದಿರಲಿಲ್ಲ. ಹಾಲಿಗೆ ಹಾಲೇ ನಕ್ಕಿತು. ನಕ್ಕು ಮುಗಿಯುವಷ್ಟರಲ್ಲಿ ಕುರ್ಚಿಯ ಸಾಲಿನ ಒಬ್ಬ ಹೆಂಗಸು ಸೆರಗಿನಿಂದ ಕಣ್ಣೊರಸಿಕೊಂಡರು. ಭರತನು ಸ್ಮಿತದಿಂದ ಅತಿಹಾಸ್ಯದವರೆಗೆ ಎಣಿಸಿದ ಮೆಟ್ಟಿಲುಗಳ ಆಚೆಗೆ ನಿಶ್ಶಬ್ದವನ್ನೇಕೆ ಇರಿಸಿದನೆಂಬುದು ಆ ಕ್ಷಣದಲ್ಲಿ ನನಗೆ ಅರ್ಥವಾಯಿತು. ಮಾತಿನ ಚಮತ್ಕಾರದಿಂದ ಹುಟ್ಟಿದ ನಗೆ ಮಾತಿನೊಡನೆಯೇ ಮುಗಿದುಹೋಗುತ್ತದೆ. ಪಾತ್ರದ ಸ್ವಭಾವದಿಂದ ಹುಟ್ಟಿದ ನಗೆ ಕೇಳುವವನ ಬಾಳಿನೊಳಕ್ಕೆ ಇಳಿದು ಅಲ್ಲಿ ಬೇರೇನನ್ನೋ ತಟ್ಟುತ್ತದೆ.

ಇನ್ನೊಂದು ಪ್ರಸಂಗವನ್ನು ಹೇಳದಿದ್ದರೆ ಈ ವೃತ್ತಾಂತ ಅಪೂರ್ಣವಾದೀತು. ಮನೆಗೆಲಸದವಳು ‘ನನಗೂ ಒಂದು ಫ್ಲಾಟ್ ಕೊಡಿ’ ಎಂದು ಕೇಳುವಂತೆಯೂ, ಮನೆಯವರೆಲ್ಲ ಅದಕ್ಕೆ ನಗುವಂತೆಯೂ ಒಂದು ಸಾಲಿತ್ತು. ಮುಂದೆ ಕುಳಿತವರು ನಕ್ಕರು. ಮೂಲೆಯಲ್ಲಿ ಗೀಟುಗಳು ಬಿದ್ದವು. ಆದರೆ ಆ ಮನೆಯಲ್ಲಿ ಕೆಲಸ ಮಾಡುವ ಹೆಂಗಸು ಕಾಫಿಯ ಲೋಟಗಳನ್ನು ಒಯ್ಯಲೆಂದು ಬಂದವರು ಬಾಗಿಲ ಬಳಿ ನಿಂತು ಕೇಳುತ್ತಿದ್ದರು. ಅಲ್ಲಿಯವರೆಗೆ ಎಲ್ಲರೊಡನೆ ನಗುತ್ತಿದ್ದ ಅವರ ಮುಖ ಆ ಸಾಲಿಗೆ ಮುಚ್ಚಿಕೊಂಡಿತು. ಹುಡುಗನು ಅದನ್ನು ಕಂಡನು. ಓದು ಮುಗಿದ ಮೇಲೆ ಅವನು ನನ್ನ ಬಳಿಗೆ ಬಂದು, ‘ಮೇಷ್ಟ್ರೇ, ಆ ಸಾಲಿಗೆ ಇಬ್ಬರ ಪ್ರತಿಯಲ್ಲೂ ಗೀಟು ಬಿದ್ದಿದೆ. ಆದರೂ ಅದನ್ನ ತೆಗೆದುಬಿಡ್ತೀನಿ’ ಎಂದನು. ಅವನ ಬೆನ್ನು ತಟ್ಟಿದೆನು. ಕೆಲವು ದಿನಗಳ ಮೇಲೆ ಅವನು ತಿದ್ದಿ ಕಳುಹಿಸಿದ ಪ್ರತಿಯಲ್ಲಿ, ಆ ಮನೆಯ ಯಾವ ಗೋಡೆಯೊಳಗೆ ನೀರಿನ ಕೊಳವೆ ಹಾದಿದೆಯೆಂಬುದು ಮಾಲೀಕರಿಗೂ ಬಿಲ್ಡರನಿಗೂ ತಿಳಿಯದೆ, ಅವಳೊಬ್ಬಳಿಗೇ ತಿಳಿದಿರುತ್ತದೆ. ನಗೆ ಅವಳ ಪಕ್ಷಕ್ಕೆ ತಿರುಗಿರುತ್ತದೆ. ಮಿತ್ರರ ಕೋಣೆಯಲ್ಲಿ ಓದಿದ್ದರೆ ಆ ಮೊದಲ ಸಾಲು ಹಾಗೆಯೇ ಉಳಿದು ಲಕ್ಷಾಂತರ ಮನೆಗಳನ್ನು ತಲಪುತ್ತಿತ್ತು. ಬಗೆಬಗೆಯ ಜನ ಸೇರಿದ ಸಭೆ ಎಷ್ಟು ನಕ್ಕರೆಂಬುದನ್ನು ಮಾತ್ರ ತಿಳಿಸುವುದಿಲ್ಲ; ಯಾರನ್ನು ನೋಯಿಸಿ ನಕ್ಕೆವೆಂಬುದನ್ನೂ ತಿಳಿಸುತ್ತದೆ.

ಓದು ಮುಗಿದ ತರುವಾಯ ಚರ್ಚೆಗೆ ಅವಕಾಶವಿತ್ತು. ವಿದ್ಯಾವಂತರಾದ ಮಹನೀಯರು ವಿಡಂಬನೆಯ ಸ್ವರೂಪ ಮುಂತಾದ ಘನವಾದ ವಿಷಯಗಳನ್ನು ಎತ್ತಿದರು. ಆದರೆ ಲೇಖಕನಿಗೆ ಎಲ್ಲಕ್ಕಿಂತ ಉಪಕಾರವಾದುದು ಒಬ್ಬ ಅಜ್ಜಿಯ ಪ್ರಶ್ನೆ: ‘ಅಲ್ಲಪ್ಪ, ಆ ರಾಯರು ಮನೆ ಕೊಡೋಕೆ ಒಪ್ಪಿದ್ದು ಯಾವಾಗ? ನಾವು ಯಾರೂ ನೋಡಲೇ ಇಲ್ಲವಲ್ಲ!’ ಕಥೆಯ ಆ ಬಿರುಕನ್ನು ಅಷ್ಟೂ ದಿನಗಳ ರಿಹರ್ಸಲಿನಲ್ಲಿ ನಟರೂ ಕಂಡಿರಲಿಲ್ಲ.

ಈ ಪದ್ಧತಿಗೆ ಲೋಕದಲ್ಲೆಲ್ಲ ಪೂರ್ವಜರುಂಟು. ಫ್ರಾನ್ಸಿನ ಮೋಲಿಯೇರ್ ತನ್ನ ಪ್ರಹಸನಗಳನ್ನು ಮೊದಲು ಮನೆಯ ಪರಿಚಾರಿಕೆಗೆ ಓದಿ ಹೇಳುತ್ತಿದ್ದನೆಂದೂ, ಅವಳು ನಗದೆಡೆಯನ್ನು ತಿದ್ದುತ್ತಿದ್ದನೆಂದೂ ಪ್ರತೀತಿಯಿದೆ. ಅಮೆರಿಕದ ಮಾರ್ಕ್ಸ್ ಸಹೋದರರು 1935ರ ‘ಎ ನೈಟ್ ಅಟ್ ದಿ ಆಪೆರಾ’ ಚಿತ್ರದ ಹಾಸ್ಯದೃಶ್ಯಗಳನ್ನು ಚಿತ್ರೀಕರಣಕ್ಕೆ ಮೊದಲು ಊರೂರಿನ ರಂಗಮಂದಿರಗಳಲ್ಲಿ ಆಡಿ, ನಗೆ ಎಷ್ಟು ಹೊತ್ತು ನಿಲ್ಲುವುದೆಂದು ಅಳೆದುಕೊಂಡು, ಆ ಅಳತೆಗೆ ಸರಿಯಾಗಿ ಮಾತುಗಳ ನಡುವೆ ಬಿಡುವಿರಿಸಿದರು. 1951ರಲ್ಲಿ ಆರಂಭವಾದ ‘ಐ ಲವ್ ಲೂಸಿ’ ಧಾರಾವಾಹಿಯನ್ನು ಪ್ರೇಕ್ಷಕರೆದುರು ನಾಟಕದಂತೆ ಆಡಿಸಿ, ಏಕಕಾಲದಲ್ಲಿ ಮೂರು ಕ್ಯಾಮೆರಾಗಳಿಂದ ಚಿತ್ರಿಸಿದರು. ಅದೇ ದಶಕದಲ್ಲಿ ಚಾರ್ಲ್ಸ್ ಡಗ್ಲಸ್ ಎಂಬ ಧ್ವನಿತಂತ್ರಜ್ಞನು ಮುದ್ರಿಸಿಟ್ಟ ನಗೆಯನ್ನು ಗುಂಡಿಯೊತ್ತಿ ಬೆರೆಸುವ ಯಂತ್ರವನ್ನು ನಿರ್ಮಿಸಿದನು. ಅಂದಿನಿಂದ ಎಷ್ಟೋ ಧಾರಾವಾಹಿಗಳು ಪರೀಕ್ಷೆಗೆ ಕುಳಿತುಕೊಳ್ಳದೆಯೇ ಅಂಕಗಳನ್ನು ತಾವೇ ಬರೆದುಕೊಳ್ಳುವಂತಾಯಿತು. ನಮ್ಮವರೂ ಆ ಯಂತ್ರದ ನಗೆಯನ್ನು ಎರವಲು ತಂದರು; ಅದರ ಹಿಂದಿದ್ದ ಪ್ರೇಕ್ಷಾಗೃಹವನ್ನು ತರಲಿಲ್ಲವೆಂಬುದು ನನಗೆ ವ್ಯಥೆಯ ಸಂಗತಿ.

ನಮಗೆ ಪ್ರೇಕ್ಷಾಗೃಹದ ಕೊರತೆಯೇನೂ ಇರಲಿಲ್ಲ. ಮಾಸ್ಟರ್ ಹಿರಣ್ಣಯ್ಯನವರು ‘ಲಂಚಾವತಾರ’ವನ್ನು ದಶಕಗಳ ಕಾಲ ಆಡಿದರೂ ಒಂದು ದಿನದ ನಾಟಕ ಇನ್ನೊಂದು ದಿನದ್ದರಂತೆ ಇರುತ್ತಿರಲಿಲ್ಲ, ಅಂದಿನ ಪತ್ರಿಕೆಯ ಸುದ್ದಿ ಅಂದಿನ ರಾತ್ರಿಯೇ ರಂಗವನ್ನೇರುತ್ತಿತ್ತು, ಜನ ಒಪ್ಪಿದರೆ ಉಳಿಯುತ್ತಿತ್ತು. 1942ರಿಂದ ಕಾಲು ಶತಮಾನ ‘ಕೊರವಂಜಿ’ ಪತ್ರಿಕೆಯನ್ನು ನಡೆಸಿದ ವೈದ್ಯ ಡಾ. ಎಂ. ಶಿವರಾಂ, ನಮ್ಮೆಲ್ಲರ ರಾಶಿಯವರು, ಮನೆಯೊಳಗಿನ ತಿಳಿಹಾಸ್ಯಕ್ಕೊಂದು ಓದುಗಬಳಗವನ್ನು ಬೆಳೆಸಿದರು. ಸಿ.ಆರ್. ಸಿಂಹ ಅವರು ‘ಟಿಪಿಕಲ್ ಟಿ.ಪಿ. ಕೈಲಾಸಂ’ ಎಂಬ ಏಕವ್ಯಕ್ತಿ ನಾಟಕದಲ್ಲಿ, ಕೋಣೆಯೊಂದರಲ್ಲಿ ಕೆಲವರಿಗೆ ದೊರೆತಿದ್ದ ಆ ಕೈಲಾಸಂ ಸನ್ನಿಧಿಯನ್ನು ಸಾವಿರಾರು ಮಂದಿಗೆ ತಂದುಕೊಟ್ಟರು. 1981ರಲ್ಲಿ ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದಾಗಲೂ, ಮುಂದೆ ಖಾಸಗಿ ವಾಹಿನಿಗಳಲ್ಲಿ ‘ಪಾಪ ಪಾಂಡು’, ‘ಸಿಲ್ಲಿ ಲಲ್ಲಿ’ಗಳು ಮನೆಮಾತಾದಾಗಲೂ, ಆ ಹಾಸ್ಯದ ಲಯವನ್ನು ಹೊತ್ತು ತಂದವರಲ್ಲಿ ಬಹುಮಂದಿ ರಂಗಭೂಮಿಯಲ್ಲಿ ಪಳಗಿದವರು. ಕ್ಯಾಮೆರಾದ ಮುಂದೆ ಪ್ರೇಕ್ಷಕರಿಲ್ಲದಿದ್ದರೂ, ಹಿಂದೆ ಕಲಾಕ್ಷೇತ್ರದಲ್ಲಿ ನಕ್ಕ ಪ್ರೇಕ್ಷಕರು ಅವರ ಮೈಯಲ್ಲಿ ನೆಲಸಿದ್ದರು; ಎಲ್ಲಿ ನಿಲ್ಲಬೇಕು, ಎಲ್ಲಿ ಕಣ್ಣು ಹೊರಳಿಸಬೇಕೆಂಬುದನ್ನು ಆ ನೆನಪೇ ಅವರಿಗೆ ಹೇಳಿಕೊಡುತ್ತಿತ್ತು. ನೇರವಾಗಿ ಟಿ.ವಿ.ಗೆ ಬರುವ ಇಂದಿನ ಎಳೆಯರಿಗೆ ಆ ಬಂಡವಾಳ ಎಲ್ಲಿಂದ ಒದಗಬೇಕು?

ಆ ಓದಿನ ಬಳಿಕ ನ್ಯಾಷನಲ್ ಕಾಲೇಜಿನ ನಿಲ್ದಾಣದಲ್ಲಿ ಮೆಟ್ರೋ ಹತ್ತಿ ಸಂಪಿಗೆ ರಸ್ತೆಯಲ್ಲಿ ಇಳಿದು ಮಲ್ಲೇಶ್ವರವನ್ನು ಸೇರಿದುದು ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ. ಹಿಂದೆ ಊರಿನ ಎರಡು ತುದಿಗಳಂತಿದ್ದ ಬಡಾವಣೆಗಳು ಇಂದು ಕೆಲವೇ ನಿಲ್ದಾಣಗಳ ಅಂತರದಲ್ಲಿವೆ. ಕಾಡುಮಲ್ಲೇಶ್ವರನ ದರ್ಶನ ಮಾಡಿಕೊಂಡು, ಹದಿನಾಲ್ಕನೆಯ ಅಡ್ಡರಸ್ತೆಯ ಸೇವಾಸದನದವರೆಗೆ ಮರಗಳ ನೆರಳಿನಲ್ಲಿ ನಡೆದೆನು. ಅಲ್ಲಿಗೆ ಹತ್ತಿರದ ಹೋಟೆಲೊಂದರಲ್ಲಿ, ಧಾರಾವಾಹಿಗಳಿಗೆ ಸಂಭಾಷಣೆ ಬರೆಯುವ ಒಬ್ಬರೊಡನೆ ಕಾಫಿಯ ನೆಪದಲ್ಲಿ ಬಹಳ ಹೊತ್ತು ಮಾತನಾಡಿದೆನು. ಅವರು ದೂರುವ ಸ್ವಭಾವದವರಲ್ಲ. ತಮ್ಮ ಕಸಬಿನ ಸ್ಥಿತಿಯನ್ನು ಇದ್ದಂತೆ ಹೇಳಿದರು. ‘ಸೀನ್ ಪೇಪರ್ ಬೆಳಗ್ಗೆ ಹೋಗತ್ತೆ, ಮಧ್ಯಾಹ್ನ ಶೂಟ್ ಆಗತ್ತೆ. ಲೈಟ್ ಬಾಯ್ ನಕ್ಕರೆ ಆ ಸೀನು ಗೆದ್ದ ಹಾಗೆ. ಅವನೇ ನಮ್ಮ ಆಡಿಯನ್ಸು’ ಎಂದರು. ದಿನಕ್ಕೊಂದು ಕಂತನ್ನು ಒಪ್ಪಿಸಬೇಕಾದ ಅವಸರದಲ್ಲಿ ಜನರ ತೀರ್ಪು ಅವರಿಗೆ ತಲಪುವುದು ವಾರಗಳ ಬಳಿಕ, ರೇಟಿಂಗಿನ ಒಂದು ಅಂಕೆಯಾಗಿ; ಯಾವ ಮಾತು ಗೆದ್ದಿತು, ಯಾವುದು ಬಿದ್ದಿತು ಎಂಬುದನ್ನು ಆ ಅಂಕೆ ಹೇಳಲಾರದು.

ಈ ಪರೀಕ್ಷೆಯ ಮನೋಧರ್ಮ ಇಂದು ಹೆಚ್ಚು ಜೀವಂತವಾಗಿರುವುದು ಕನ್ನಡದಲ್ಲಿ ಸ್ಟ್ಯಾಂಡ್‌ಅಪ್ ಹಾಸ್ಯವನ್ನು ಕೈಗೊಂಡಿರುವ ತರುಣರಲ್ಲಿ. ‘ಲೋಲ್‌ಬಾಗ್’ ತಂಡದಂಥವರು ನಗರದ ವಿದ್ಯಾವಂತ ಯುವಜನರಿಗೆ ಅವರದೇ ಆಡುಗನ್ನಡದಲ್ಲಿ ಹಾಸ್ಯವನ್ನು ಒದಗಿಸಿ, ಇಂಗ್ಲಿಷಿನ ಸೊತ್ತೆಂದು ಜನ ತಿಳಿದಿದ್ದ ಪ್ರಕಾರದಲ್ಲಿ ಕನ್ನಡಕ್ಕೊಂದು ಆಸನವನ್ನು ಸಂಪಾದಿಸಿದರು. ಈ ಕಸಬಿನವರು ದೊಡ್ಡ ಪ್ರದರ್ಶನಕ್ಕೆ ಮೊದಲು ಓಪನ್ ಮೈಕ್‌ಗಳಲ್ಲಿ, ಟ್ರಯಲ್ ಷೋಗಳಲ್ಲಿ, ಹಿಡಿಯಷ್ಟು ಜನರ ಮುಂದೆ ಹೊಸ ಸರಕನ್ನು ಇಟ್ಟು, ಸಾಲುಸಾಲಾಗಿ ಸೋತು, ಸೋತದ್ದನ್ನು ಕಿತ್ತೆಸೆದು, ಉಳಿದದ್ದನ್ನು ಮತ್ತೆ ಮಸೆಯುವರು. ಅವರ ಭಾಷೆಯೂ ಕೈಲಾಸಂ ಅವರದರಂತೆ ಬೆರಕೆಯ ಭಾಷೆಯೇ. ಅವರ ಬರಹವೂ ಬಾಯಲ್ಲಿ ಹುಟ್ಟಿ, ಜನರ ಕಿವಿಯಲ್ಲಿ ತಿದ್ದಿಸಿಕೊಂಡು, ಕೊನೆಗೆ ಕಾಗದವನ್ನು ಸೇರುವಂಥದು.

ಜನರ ನಗೆಯನ್ನೇ ಪರಮಪ್ರಮಾಣವೆಂದು ಒಪ್ಪಿದರೆ ಅಪಾಯವೂ ಉಂಟೆಂಬುದನ್ನು ನಾನು ಬಲ್ಲೆನು. ತೊದಲುವವನನ್ನೂ ದಪ್ಪಗಿರುವವನನ್ನೂ ಬಡವನ ಮಾತನ್ನೂ ಅಣಕಿಸಿದರೆ ಸಭೆ ಸುಲಭವಾಗಿ ನಗುತ್ತದೆ. ಆ ಸುಲಭದ ದಾರಿಯಲ್ಲಿ ಹೋದವನಿಗೆ ಗೀಟುಗಳು ಬೇಕಾದಷ್ಟು ಸಿಗುತ್ತವೆ. ‘ಬಹಿಷ್ಕಾರ’ವನ್ನೂ ‘ಸೂಳೆ’ಯನ್ನೂ ರಚಿಸಿದ ಕೈಲಾಸಂ ಸಭೆ ಬಯಸಿದುದನ್ನು ಮಾತ್ರ ಕೊಟ್ಟವರಾಗಿರಲಿಲ್ಲ, ನಗಿಸುವ ಶಕ್ತಿಯಿಂದ ಗಳಿಸಿದ ವಿಶ್ವಾಸವನ್ನು ಅವರು ಸಮಾಜಕ್ಕೆ ಅದರ ಹುಣ್ಣನ್ನು ತೋರಿಸಲು ವಿನಿಯೋಗಿಸಿದರು. ಸಭೆ ಲೇಖಕನ ಯಜಮಾನನಲ್ಲ, ಅವನ ಪರೀಕ್ಷಕ. ಪರೀಕ್ಷಕನು ಅಂಕವನ್ನು ಕೊಡುವನು. ಏನನ್ನು ಬರೆಯಬೇಕೆಂಬುದನ್ನು ಬರೆಯುವವನ ಅಂತಃಕರಣವೇ ನಿರ್ಣಯಿಸಬೇಕು. ಬಾಗಿಲ ಬಳಿ ನಿಂತಿದ್ದ ಒಬ್ಬರ ಮೌನವನ್ನು ಇಡೀ ಹಾಲಿನ ನಗೆಗಿಂತ ಮಿಗಿಲೆಂದು ತೂಗಿದ ಆ ಹುಡುಗನು ಈ ವಿವೇಕವನ್ನು ತನ್ನ ಮೊದಲ ಓದಿನಲ್ಲಿಯೇ ತೋರಿದನು.

ಆದುದರಿಂದ ಹಾಸ್ಯ ಧಾರಾವಾಹಿಗಳನ್ನು ನಿರ್ಮಿಸುವವರಲ್ಲಿ ನನ್ನದೊಂದು ಬಿನ್ನಹ. ಸೆಟ್ಟಿನ ಒಂದು ದಿನದ ಖರ್ಚಿನ ಮುಂದೆ ಒಂದು ಸಂಜೆಯ ಓದಿಗೆ ತಗಲುವ ವೆಚ್ಚ ಏನೇನೂ ಅಲ್ಲ. ಒಂದು ಹಾಲು, ಒಂದಿಷ್ಟು ಕಾಫಿ, ಕೆಲವು ಹಾಳೆಗಳ ನಕಲು ಸಾಕು. ಕಥೆಯ ಮೊದಲ ಕೆಲವು ಕಂತುಗಳನ್ನಾದರೂ ಕ್ಯಾಮೆರಾಕ್ಕೆ ಮುಂಚೆ ಜನರ ಮುಂದಿರಿಸಿರಿ. ನಿಮ್ಮವರಲ್ಲದ ಜನರನ್ನು, ಎಲ್ಲ ವಯಸ್ಸಿನ, ಎಲ್ಲ ಕೆಲಸದ ಜನರನ್ನು ಕರೆಯಿರಿ. ಈ ಬಡಾವಣೆಗಳ ಶಾಲೆ, ಕ್ಲಬ್ಬು, ಸಭಾಭವನಗಳ ಆಡಳಿತಗಾರರು ತಿಂಗಳಿಗೊಂದು ಸಂಜೆಯನ್ನು ಹೊಸ ಬರಹಗಾರರಿಗೆ ಬಾಡಿಗೆಯಿಲ್ಲದೆ ಬಿಟ್ಟುಕೊಡಲಿ. ಇನ್ನು ಓದುಗನೇ, ನಿನ್ನ ಬೀದಿಯಲ್ಲಿ ಅಂಥದೊಂದು ಓದು ನಡೆಯುವುದೆಂದು ತಿಳಿದರೆ ತಪ್ಪದೆ ಹೋಗಿ ಕುಳಿತುಕೋ. ನಗೆ ಬಂದರೆ ಸಂಕೋಚವಿಲ್ಲದೆ ನಗು, ಬಾರದಿದ್ದರೆ ದಾಕ್ಷಿಣ್ಯಕ್ಕೆ ನಗಬೇಡ. ಕನ್ನಡದ ಹಾಸ್ಯಕ್ಕೆ ನೀನು ಮಾಡಬಹುದಾದ ಉಪಕಾರ ಅದಕ್ಕಿಂತ ದೊಡ್ಡದಿಲ್ಲ.